‘ವಯಸ್ಸಾಯ್ತು’ ಎಂದು ಕೈಚೆಲ್ಲುವ ಮುನ್ನ

ನಾಯಿ ಸಾಕಿರುವ ಎಲ್ಲ ಮನೆಯವರಿಗೆ,



ಬಹಳ ವರ್ಷಗಳಿಂದ ಸಾಕುಪ್ರಾಣಿಗಳ ಚಿಕಿತ್ಸೆಯಲ್ಲಿ ತೊಡಗಿರುವ ಪಶುವೈದ್ಯ ನಾನು. ನಿಮ್ಮ ಮುಂದೆ ಒಂದು ಮಾತು ಇಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ನಿಮ್ಮ ನಾಯಿಯ ಕಾಲಿನ ಬಲ ಕುಂದಿದರೆ, ನಾಲ್ಕು ಹೆಜ್ಜೆ ನಡೆದು ಕೂತುಬಿಟ್ಟರೆ, ತಿಂದದ್ದು ಗಂಟಲಿಳಿಯದೆ ಹೊರಬಂದರೆ, ಕಾರಣ ಹುಡುಕದೆ ಸುಮ್ಮನಿರಬೇಡಿ. ಆ ಕಾರಣ ಬಹಳ ಸಲ ವಾಸಿಯಾಗುವಂಥದ್ದೇ ಆಗಿರುತ್ತದೆ. ಕೆಲವು ಸಲ ಮಾತ್ರ ಅದು ಒಡಲಿನೊಳಗೆ ಎಲ್ಲೋ ಬೆಳೆಯುತ್ತಿರುವ ಗಡ್ಡೆಯ ಮೊದಲ ಸುಳಿವು. ಎರಡರಲ್ಲಿ ಯಾವುದೆಂದು ಬರಿಗಣ್ಣಲ್ಲಿ ನೋಡಿ ಹೇಳಲು ನಿಮ್ಮಿಂದಲೂ ಆಗದು, ನನ್ನಿಂದಲೂ ಆಗದು. ಪರೀಕ್ಷೆ ಮಾಡಿಸಿದರೇ ತಿಳಿಯುವುದು.

ಕ್ಲಿನಿಕ್ಕಿಗೆ ಬರುವವರ ಬಾಯಲ್ಲಿ ನಾನು ಕೇಳುವ ಮಾತು ಹೆಚ್ಚುಕಡಿಮೆ ಒಂದೇ ಬಗೆಯದು. “ವಯಸ್ಸಾಯ್ತಲ್ಲ ಡಾಕ್ಟ್ರೇ, ಹಿಂಗಾಲು ಬಿದ್ದುಹೋಗಿದೆ.” “ಲಕ್ವ ಹೊಡೆದಿರ್ಬೇಕು.” “ಶಕ್ತಿಗೆ ಒಂದು ಇಂಜೆಕ್ಷನ್ ಹಾಕಿ, ಒಳ್ಳೇ ಕ್ಯಾಲ್ಸಿಯಂ ಟಾನಿಕ್ ಬರ್ಕೊಡಿ.” ಹೀಗೆನ್ನುವವರಿಗೆ ನಾಯಿಯ ಮೇಲೆ ಪ್ರೀತಿಯಿಲ್ಲ ಎಂದಲ್ಲ. ದೊಡ್ಡ ನಾಯಿಯನ್ನು ಹೊದಿಕೆಯಲ್ಲಿ ಹೊತ್ತು ಮೆಟ್ಟಿಲಿಳಿಸಿ, ಆಟೋ ಹತ್ತಿಸಿ ತಂದವರೇ ಹೀಗೆನ್ನುತ್ತಾರೆ. ಆದರೆ ವಯಸ್ಸು ರೋಗವಲ್ಲ. ಮುದಿ ನಾಯಿ ನಿಧಾನವಾಗಿ ನಡೆಯಬಹುದು, ಹೆಚ್ಚು ಹೊತ್ತು ಮಲಗಬಹುದು. ಆದರೆ ಹೋದ ತಿಂಗಳು ಗೇಟಿನವರೆಗೆ ಓಡುತ್ತಿದ್ದದ್ದು ಈ ತಿಂಗಳು ಎದ್ದು ನಿಲ್ಲಲಾರದೆ ಹೋದರೆ, ಅದು ವಯಸ್ಸಿನ ಕೆಲಸವಲ್ಲ.

ಮೊದಲು ಧೈರ್ಯದ ಮಾತು ಹೇಳಿಬಿಡುತ್ತೇನೆ. ನಿಶ್ಶಕ್ತಿಯೆಲ್ಲ ಕ್ಯಾನ್ಸರ್ ಅಲ್ಲ. ನಮ್ಮ ಊರುಗಳಲ್ಲಿ ನಾಯಿ ಸೋತು ಮಲಗಿತೆಂದರೆ ನಾವು ಮೊದಲು ಅನುಮಾನಿಸುವುದು ಉಣ್ಣಿಯಿಂದ ಬರುವ ಜ್ವರವನ್ನು. ಎರ್ಲಿಕಿಯಾ, ಬಬೇಸಿಯಾ ಎಂಬ ಸೂಕ್ಷ್ಮಜೀವಿಗಳು ಉಣ್ಣಿ ಕಚ್ಚಿದಾಗ ರಕ್ತ ಸೇರುತ್ತವೆ, ರಕ್ತ ಕಡಿಮೆಯಾಗುತ್ತದೆ, ಒಸಡು ಬಿಳಿಚಿಕೊಳ್ಳುತ್ತದೆ. ಸಕಾಲದಲ್ಲಿ ಚಿಕಿತ್ಸೆ ಸಿಕ್ಕರೆ ಬಹುಪಾಲು ನಾಯಿಗಳು ಚೇತರಿಸಿಕೊಳ್ಳುತ್ತವೆ. ಡ್ಯಾಶ್‌ಹೌಂಡ್‌ನಂಥ ಗಿಡ್ಡಕಾಲಿನ ತಳಿಗಳಲ್ಲಿ ಬೆನ್ನುಮೂಳೆಯ ಡಿಸ್ಕ್ ಜಾರಿ ಹಿಂಗಾಲು ಎಳೆಯಬಹುದು. ಥೈರಾಯ್ಡ್ ಕುಂದಿದರೂ, ಅಡ್ರಿನಲ್ ಗ್ರಂಥಿ ಸೋತರೂ ನಾಯಿ ಬಲಗುಂದುತ್ತದೆ. ಲ್ಯಾಬ್ರಡಾರ್‌ಗಳಲ್ಲಿ ವಂಶದಿಂದಲೇ ಬರುವ ಒಂದು ದೋಷವಿದೆ. ಚೆಂಡಿನ ಹಿಂದೆ ಹುರುಪಿನಿಂದ ಓಡಿದ ಎಳೆಯ ನಾಯಿ ಹತ್ತು–ಹದಿನೈದು ನಿಮಿಷದಲ್ಲಿ ಹಿಂಗಾಲು ಸೋತು ಬಿದ್ದು, ವಿಶ್ರಾಂತಿ ಪಡೆದ ಮೇಲೆ ಸಾಮಾನ್ಯವಾಗಿ ತಾನಾಗಿ ಎದ್ದು ಬರುತ್ತದೆ. ಇವಾವುವೂ ಗಡ್ಡೆಯಿಂದ ಬಂದವಲ್ಲ. ಇವುಗಳಲ್ಲಿ ಹೆಚ್ಚಿನವಕ್ಕೆ ದಾರಿಯಿದೆ.

ಇನ್ನು ನಾನು ಮುಖ್ಯವಾಗಿ ಹೇಳಬೇಕಾದ ರೋಗಕ್ಕೆ ಬರುತ್ತೇನೆ. ಅದರ ಹೆಸರು ಮಯಸ್ತೇನಿಯಾ ಗ್ರೇವಿಸ್. ನರ ಕಳುಹಿಸಿದ ಅಪ್ಪಣೆ ಸ್ನಾಯುವಿಗೆ ಮುಟ್ಟುವುದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಮೂಲಕ. ಅದನ್ನು ಬರಮಾಡಿಕೊಳ್ಳುವ ಗ್ರಾಹಕಗಳು ಸ್ನಾಯುವಿನ ಮೇಲಿರುತ್ತವೆ. ಈ ರೋಗದಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿತಪ್ಪಿ ಆ ಗ್ರಾಹಕಗಳ ವಿರುದ್ಧ ಪ್ರತಿಕಾಯ ತಯಾರಿಸುತ್ತದೆ. ಬೀಗದ ಬಾಯಿಗೆ ಮೇಣ ಮೆತ್ತಿದರೆ ಕೀಲಿಕೈ ಸರಿಯಿದ್ದೂ ಬಾಗಿಲು ತೆರೆಯದಂತೆ, ನರವೂ ಸ್ನಾಯುವೂ ಚೆನ್ನಾಗಿದ್ದೂ ಅಪ್ಪಣೆ ತಲುಪುವುದಿಲ್ಲ. ನಾಯಿ ಎದ್ದಾಗ ಸರಿಯಾಗಿಯೇ ನಡೆಯುತ್ತದೆ, ಹೆಜ್ಜೆ ಹೆಜ್ಜೆಗೂ ದಾಪು ಕಿರಿದಾಗುತ್ತದೆ, ಕೊನೆಗೆ ಕುಸಿಯುತ್ತದೆ. ಸ್ವಲ್ಪ ಹೊತ್ತು ಮಲಗಿದರೆ ಮತ್ತೆ ಏಳುತ್ತದೆ. “ನಾಟಕ ಮಾಡ್ತಿದೆ, ವಾಕಿಂಗ್ ಅಂದ್ರೆ ಸೋಮಾರಿತನ” ಎಂದು ಮನೆಯವರು ಅಂದುಕೊಳ್ಳುವುದು ಇಂಥ ನಾಯಿಯನ್ನು ಕಂಡೇ.

ಮನುಷ್ಯರಲ್ಲಿ ಈ ರೋಗ ಸಾಮಾನ್ಯವಾಗಿ ಮೊದಲು ಕಾಣುವುದು ಜೋತುಬಿದ್ದ ಕಣ್ಣುರೆಪ್ಪೆಯಲ್ಲಿ. ನಾಯಿಯಲ್ಲಿ ಎಷ್ಟೋ ಸಲ ಅನ್ನನಾಳದಲ್ಲಿ. ಮನುಷ್ಯರ ಅನ್ನನಾಳದ ಕೆಳಭಾಗದ ಸ್ನಾಯು ಬೇರೆ ಬಗೆಯದು. ನಾಯಿಯ ಅನ್ನನಾಳ ಮೇಲಿನಿಂದ ಕೆಳಗಿನವರೆಗೂ ಕಾಲಿನ ಸ್ನಾಯುವಿನ ಜಾತಿಯದೇ. ಹಾಗಾಗಿ ಕಾಲಿಗೆ ಬಂದ ಸೋಲು ಅಲ್ಲಿಗೂ ಬರುತ್ತದೆ. ನಾಳ ಸಡಿಲಗೊಂಡು ಚೀಲದಂತೆ ಹಿಗ್ಗುತ್ತದೆ. ತಿಂದದ್ದು ಹೊಟ್ಟೆಗಿಳಿಯದೆ ಅಲ್ಲೇ ನಿಂತು, ತಲೆ ಬಗ್ಗಿಸಿದಾಗ ಹೊರಗೆ ಜಾರುತ್ತದೆ. ಅದರಲ್ಲಿ ಒಂದಂಶ ಶ್ವಾಸಕೋಶಕ್ಕೆ ಹೊಕ್ಕರೆ ನ್ಯುಮೋನಿಯಾ. ಮಯಸ್ತೇನಿಯಾ ಬಂದ ನಾಯಿಗಳ ಜೀವ ತೆಗೆಯುವುದು ಹೆಚ್ಚಾಗಿ ಈ ನ್ಯುಮೋನಿಯಾವೇ.

ಈ ರೋಗಕ್ಕೂ ಗಡ್ಡೆಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಎದೆಗೂಡಿನಲ್ಲಿ, ಹೃದಯದ ಮುಂದೆ ಥೈಮಸ್ ಎಂಬ ಗ್ರಂಥಿಯಿದೆ. ರಕ್ಷಣಾ ಕಣಗಳು ತಮ್ಮದು ಯಾವುದು, ಹೊರಗಿನದು ಯಾವುದು ಎಂದು ಕಲಿಯುವುದು ಅಲ್ಲಿ. ಆ ಗ್ರಂಥಿಯಲ್ಲಿ ಥೈಮೋಮಾ ಎಂಬ ಗಡ್ಡೆ ಬೆಳೆದರೆ ಆ ಕಲಿಕೆ ಕೆಡಬಹುದು, ತನ್ನದೇ ಸ್ನಾಯುವಿನ ಮೇಲೆ ದಾಳಿ ಶುರುವಾಗಬಹುದು. ಮಯಸ್ತೇನಿಯಾ ಬಂದ ನೂರು ನಾಯಿಗಳಲ್ಲಿ ಥೈಮೋಮಾ ಇರುವುದು ಮೂರು–ನಾಲ್ಕರಲ್ಲಿ. ಥೈಮೋಮಾ ಇರುವ ನಾಯಿಗಳ ಕಡೆಯಿಂದ ನೋಡಿದರೆ ಮಯಸ್ತೇನಿಯಾದ ಪಾಲು ಇದಕ್ಕಿಂತ ಬಹಳ ದೊಡ್ಡದು. ಮನುಷ್ಯರಿಗೆ ಈ ರೋಗವೆಂದು ಗೊತ್ತಾದರೆ ವೈದ್ಯರು ಎದೆಯ ಸ್ಕ್ಯಾನ್ ಮಾಡಿಸುತ್ತಾರೆ. ನಾಯಿಗೂ ಎದೆಯ ಎಕ್ಸ್‌ರೇ ಕಡ್ಡಾಯವೆಂದು ತಿಳಿಯಿರಿ.

ಈ ರೋಗದ ಗುಟ್ಟು ಬಿಟ್ಟುಕೊಟ್ಟಿದ್ದೂ ಪ್ರಾಣಿಗಳೇ. 1973ರಲ್ಲಿ ಅಮೆರಿಕದ ಸಾಲ್ಕ್ ಸಂಸ್ಥೆಯಲ್ಲಿ ಜಿಮ್ ಪ್ಯಾಟ್ರಿಕ್ ಮತ್ತು ಜಾನ್ ಲಿಂಡ್‌ಸ್ಟ್ರಾಮ್ ಎಂಬ ವಿಜ್ಞಾನಿಗಳು ವಿದ್ಯುತ್ ಈಲ್ ಮೀನಿನಿಂದ ಅಸಿಟೈಲ್‌ಕೋಲಿನ್ ಗ್ರಾಹಕವನ್ನು ಬೇರ್ಪಡಿಸಿ ಮೊಲಗಳಿಗೆ ಚುಚ್ಚಿದರು. ಮೊಲಗಳು ಕತ್ತೆತ್ತಲಾರದೆ ಸೋತವು. ಮಯಸ್ತೇನಿಯಾ ರೋಗಿಗಳಿಗೆ ಕೊಡುವ ಜಾತಿಯ ಔಷಧಿ ಕೊಟ್ಟಾಗ ಎದ್ದು ಕೂತವು. ಅದೇ ಲಿಂಡ್‌ಸ್ಟ್ರಾಮ್ ಮುಂದೆ ಪಶುವೈದ್ಯೆ ಡಯೇನ್ ಶೆಲ್ಟನ್ ಜೊತೆ ಸೇರಿ, ಮಯಸ್ತೇನಿಯಾ ಬಂದ 53 ಸಾಕುನಾಯಿಗಳನ್ನು ಗಮನಿಸಿ 2001ರಲ್ಲಿ ವರದಿ ಪ್ರಕಟಿಸಿದರು. ಅವುಗಳ ಪೈಕಿ 47 ನಾಯಿಗಳಲ್ಲಿ ಸರಾಸರಿ ಆರೂವರೆ ತಿಂಗಳೊಳಗೆ ರೋಗ ತಾನಾಗಿಯೇ ಇಳಿದಿತ್ತು. ಇಳಿಯದೆ ಉಳಿದ ಆರು ನಾಯಿಗಳಲ್ಲಿ ಸಿಕ್ಕಿದ್ದು ಗಡ್ಡೆ.

ಈ ಎರಡು ಸಂಖ್ಯೆಗಳನ್ನು ದಯವಿಟ್ಟು ಒಟ್ಟಿಗೆ ನೆನಪಿಟ್ಟುಕೊಳ್ಳಿ. ಮುಂದೆ ಬೇರೆ ಆಸ್ಪತ್ರೆಗಳಿಂದ ಬಂದ ವರದಿಗಳು ಇಷ್ಟು ಆಶಾದಾಯಕವಾಗಿಲ್ಲ, ನ್ಯುಮೋನಿಯಾಕ್ಕೆ ಬಲಿಯಾದ ನಾಯಿಗಳು ಬಹಳ. ಆದರೂ ನಿಮಗೆ ಬೇಕಾದ ಪಾಠ ಆ 2001ರ ವರದಿಯಲ್ಲಿದೆ. ನಾಯಿಗೆ ಮಯಸ್ತೇನಿಯಾ ಎಂದರೆ ಆಸೆ ಬಿಡಬೇಡಿ, ತಿಂಗಳುಗಟ್ಟಲೆ ಕಾಯುವ ಮನಸ್ಸು ಮಾಡಿ. ತಿಂಗಳುಗಳು ಕಳೆದರೂ ರೋಗ ಇಳಿಯದಿದ್ದರೆ ಗಡ್ಡೆಗಾಗಿ ಇನ್ನೊಮ್ಮೆ ಹುಡುಕಲು ಹೇಳಿ.

ನಾನು ಕಂಡ ಎರಡು ನಾಯಿಗಳ ವಿಷಯ ಹೇಳುತ್ತೇನೆ. ಒಂದು ನಡುವಯಸ್ಸಿನ ಜರ್ಮನ್ ಶೆಫರ್ಡ್. ವಾಂತಿ ಎಂದು ಹಲವು ವಾರ ಆಸಿಡಿಟಿ ಔಷಧಿ ಕುಡಿಸಿದ್ದರು. ಮನೆಯ ಮಗಳು ಮೊಬೈಲಿನಲ್ಲಿ ತೆಗೆದಿದ್ದ ವಿಡಿಯೊ ನೋಡಿದರೆ ಅದು ವಾಂತಿಯೇ ಅಲ್ಲ. ಹೊಟ್ಟೆ ಹಿಂಡುವುದಿಲ್ಲ, ಓಕರಿಕೆಯಿಲ್ಲ. ಅಗಿದ ಅನ್ನ ಹಾಗೇ ಬಾಯಿಂದ ಜಾರುತ್ತಿತ್ತು. ಎಕ್ಸ್‌ರೇಯಲ್ಲಿ ಗಾಳಿ ತುಂಬಿ ಹಿಗ್ಗಿದ ಅನ್ನನಾಳ, ಹೃದಯದ ಮುಂದೆ ದಟ್ಟ ನೆರಳು. ಥೈಮೋಮಾ ದೂರ ಹರಡುವುದು ಅಪರೂಪ, ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದಾದ ಗಡ್ಡೆಗಳಲ್ಲೊಂದು. ಆದರೆ ಶಸ್ತ್ರಚಿಕಿತ್ಸೆಯ ಮಾತು ಬರುವ ಹೊತ್ತಿಗೆ ಆ ನಾಯಿಯ ಶ್ವಾಸಕೋಶ ಎರಡೂ ಕಡೆ ನ್ಯುಮೋನಿಯಾದಿಂದ ತುಂಬಿತ್ತು. ಅದು ಉಳಿಯಲಿಲ್ಲ.

ಇನ್ನೊಂದು ಲ್ಯಾಬ್ರಡಾರ್. ಹತ್ತು ಹೆಜ್ಜೆಗೆ ಕುಸಿಯುತ್ತಿತ್ತು. “ನರಳೋದು ಬೇಡ, ಮಲಗಿಸಿಬಿಡಿ” ಎಂದು ಕೇಳಿಕೊಳ್ಳಲೆಂದೇ ಮನೆಯವರು ಬಂದಿದ್ದರು. ಎದೆಯಲ್ಲಿ ಗಡ್ಡೆಯಿರಲಿಲ್ಲ, ಹೊಟ್ಟೆಯಲ್ಲೂ ಇರಲಿಲ್ಲ. ಮಯಸ್ತೇನಿಯಾಕ್ಕೆ ಕೊಡುವ ಪಿರಿಡೋಸ್ಟಿಗ್ಮಿನ್ ಮಾತ್ರೆ ಶುರುಮಾಡಿ, ಊಟವನ್ನು ಎತ್ತರದಲ್ಲಿ ಕೊಡುವುದನ್ನು ಮನೆಯವರಿಗೆ ಕಲಿಸಿದೆವು. ಅಜ್ಜಿಯೊಬ್ಬರು ದಿನಕ್ಕೆ ನಾಲ್ಕು ಹೊತ್ತು ಅದನ್ನು ನೆಟ್ಟಗೆ ಕೂರಿಸಿ ಉಣಿಸಿದರು. ಕೆಲವು ತಿಂಗಳಲ್ಲಿ ಅದು ತಾನೇ ಮೆಟ್ಟಿಲು ಹತ್ತಿತು. ಎರಡರಲ್ಲಿ ಯಾವ ನಾಯಿಯ ಒಡಲಲ್ಲಿ ಗಡ್ಡೆಯಿದೆ ಎಂದು ಹೊರಗಿನಿಂದ ನೋಡಿ ಹೇಳುವಂತಿರಲಿಲ್ಲ.

ಮಯಸ್ತೇನಿಯಾ ಒಂದು ದಾರಿ ಮಾತ್ರ. ಗಡ್ಡೆ ಸ್ನಾಯುವನ್ನು ಸೋಲಿಸುವ ಬೇರೆ ದಾರಿಗಳೂ ಇವೆ. ಮೇದೋಜೀರಕ ಗ್ರಂಥಿಯಲ್ಲಿ ಬೆಳೆಯುವ ಇನ್ಸುಲಿನೋಮಾ ಎಂಬ ಗಡ್ಡೆ ಮಿತಿಮೀರಿ ಇನ್ಸುಲಿನ್ ಸುರಿಸಿ ರಕ್ತದ ಸಕ್ಕರೆಯನ್ನು ಬರಿದುಮಾಡುತ್ತದೆ. ಹಸಿದಾಗ, ಓಡಿದಾಗ ಹಿಂಗಾಲು ನಡುಗಿ ಬೀಳುವ ನಾಯಿ ಏನಾದರೂ ತಿಂದೊಡನೆ ಚೇತರಿಸಿಕೊಂಡರೆ ಅದನ್ನು ಅನುಮಾನಿಸಬೇಕು. ನೂರು ಮಿಲಿಲೀಟರ್ ರಕ್ತದಲ್ಲಿ ಸಕ್ಕರೆ 60 ಮಿಲಿಗ್ರಾಂಗಿಂತ ಕೆಳಗಿಳಿದಿದ್ದರೆ ಅದನ್ನು ಬಿಟ್ಟುಬಿಡುವಂತಿಲ್ಲ.

ದುಗ್ಧರಸ ಗ್ರಂಥಿಗಳ ಕ್ಯಾನ್ಸರ್ ಆದ ಲಿಂಫೋಮಾ ಮತ್ತು ಗುದದ ಪಕ್ಕದ ಗ್ರಂಥಿಯ ಕ್ಯಾನ್ಸರ್ ಹಾರ್ಮೋನಿನಂಥ ಒಂದು ಪ್ರೋಟೀನ್ ಬಿಡುಗಡೆ ಮಾಡಿ ರಕ್ತದಲ್ಲಿ ಕ್ಯಾಲ್ಸಿಯಂ ಏರಿಸಬಲ್ಲವು. ಕ್ಯಾಲ್ಸಿಯಂ ಮಿತಿಮೀರಿದರೆ ಸ್ನಾಯು ಮಂಕಾಗುತ್ತದೆ, ನಾಯಿ ನೀರು ಕುಡಿದು ಕುಡಿದು ಮೂತ್ರ ಮಾಡುತ್ತದೆ, ಮೂತ್ರಪಿಂಡ ಕೆಡುತ್ತದೆ. ಅಂಥ ನಾಯಿಗೆ ‘ಶಕ್ತಿಗೆ’ ಎಂದು ಕ್ಯಾಲ್ಸಿಯಂ ಟಾನಿಕ್ ಕುಡಿಸಿದರೆ ಆಗುವುದು ಹಾನಿ ಮಾತ್ರ. ರಕ್ತ ಪರೀಕ್ಷೆಯಿಲ್ಲದೆ ಟಾನಿಕ್ ಬೇಡ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಬಾಕ್ಸರ್ ತಳಿ ಸಾಕಿದವರಿಗೆ ಒಂದು ಮಾತು. ಪಾಲಿಮಯೋಸೈಟಿಸ್, ಅಂದರೆ ಮೈಯ ಸ್ನಾಯುಗಳ ಉರಿಯೂತ ಬಂದ ಕೆಲವು ಬಾಕ್ಸರ್‌ಗಳಲ್ಲಿ ಕೆಲವು ತಿಂಗಳ ನಂತರ ಲಿಂಫೋಮಾ ಕಾಣಿಸಿಕೊಂಡದ್ದು ದಾಖಲಾಗಿದೆ. ನಡಿಗೆ ಸೆಟೆದುಕೊಂಡು, ತೊಡೆ ಕರಗಿ, ಕ್ರಿಯಾಟಿನ್ ಕೈನೇಸ್ ಎಂಬ ಕಿಣ್ವ ರಕ್ತದಲ್ಲಿ ಏರಿದ್ದರೆ ಸ್ನಾಯುವಿನ ಚೂರು ತೆಗೆದು ಪರೀಕ್ಷಿಸಬೇಕಾಗುತ್ತದೆ. ಉರಿಯೂತ ಇಳಿದ ಮೇಲೂ ಆ ನಾಯಿಯನ್ನು ಆಗಾಗ ತೋರಿಸುತ್ತಿರಬೇಕು.

ಮೈಯ ಎರಡು ಬದಿಯನ್ನೂ ಹೋಲಿಸಿ ನೋಡುವುದನ್ನು ರೂಢಿಮಾಡಿಕೊಳ್ಳಿ. ತಲೆಯ ಎರಡೂ ಪಕ್ಕದ ಸ್ನಾಯು ಸಮನಾಗಿ ಕರಗಿ ದವಡೆ ತೆರೆಯದಿದ್ದರೆ ಅದು ಹೆಚ್ಚಾಗಿ ಅಗಿಯುವ ಸ್ನಾಯುಗಳ ಉರಿಯೂತ. ಒಂದೇ ಪಕ್ಕ ಗುಳಿಬಿದ್ದರೆ ಅಲ್ಲಿನ ನರದ ಕವಚದಲ್ಲಿ ಗಡ್ಡೆಯಿದೆಯೇ ಎಂದು ನೋಡಬೇಕು. ಮುಂಗಾಲೊಂದು ತಿಂಗಳುಗಟ್ಟಲೆ ಕುಂಟುತ್ತ, ಆ ಭುಜ ಮಾತ್ರ ಸೊರಗುತ್ತ ಬಂದರೂ ಇದೇ ಅನುಮಾನ. ಅದನ್ನು ಉಳುಕು ಎಂದು ಎಣ್ಣೆ ತಿಕ್ಕುತ್ತ ಕೂರಬೇಡಿ. ಇನ್ನು, ಇದ್ದಕ್ಕಿದ್ದಂತೆ ಕುಸಿದು, ಒಸಡು ಬೆಳ್ಳಗಾಗಿ, ಮರುದಿನ ಏನೂ ಆಗದಂತೆ ಓಡಾಡುವ ನಾಯಿಯ ಗುಲ್ಮದ ಗಡ್ಡೆ ಒಳಗೇ ರಕ್ತ ಸುರಿಸಿರಬಹುದು. ಎದ್ದು ಓಡಾಡಿತು ಎಂದು ನೆಮ್ಮದಿಪಡದೆ ಆ ದಿನವೇ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿ.

ಈಗ ಬಹಳ ಮುಖ್ಯವಾದ ಒಂದು ವಿಷಯ. ಸ್ಟಿರಾಯ್ಡ್. ಪ್ರೆಡ್ನಿಸೊಲೋನ್, ಡೆಕ್ಸಾಮೆಥಸೋನ್ ಹೆಸರಿನಲ್ಲಿ ಬರುವ ಈ ಔಷಧಿ ಕೊಟ್ಟರೆ ಸೋತ ನಾಯಿ ಮರುದಿನವೇ ಬಾಲ ಅಲ್ಲಾಡಿಸಬಹುದು. ಅದಕ್ಕೇ ಕೇಳಿ ಹಾಕಿಸಿಕೊಳ್ಳುವವರಿದ್ದಾರೆ. ಆದರೆ ಒಳಗಿರುವುದು ಲಿಂಫೋಮಾ ಆಗಿದ್ದರೆ ಸ್ಟಿರಾಯ್ಡ್‌ನಿಂದ ಗಡ್ಡೆ ಕೆಲವು ವಾರ ಕುಗ್ಗಿ ಪರೀಕ್ಷೆಯ ಕಣ್ಣು ತಪ್ಪಿಸುತ್ತದೆ, ಆಮೇಲೆ ಕೊಡುವ ಕೀಮೊಥೆರಪಿಗೂ ಸರಿಯಾಗಿ ಬಗ್ಗುವುದಿಲ್ಲ. ಮಯಸ್ತೇನಿಯಾ ಆಗಿದ್ದರೆ ದೊಡ್ಡ ಪ್ರಮಾಣದ ಸ್ಟಿರಾಯ್ಡ್ ಮೊದಮೊದಲು ನಿಶ್ಶಕ್ತಿಯನ್ನೇ ಹೆಚ್ಚಿಸಬಹುದು, ನ್ಯುಮೋನಿಯಾ ವಿರುದ್ಧ ಹೋರಾಡುವ ಬಲವನ್ನು ಕುಗ್ಗಿಸಬಹುದು. ಬಹುಕಾಲ ಕೊಟ್ಟರೆ ಸ್ನಾಯುಗಳೇ ಕರಗುತ್ತವೆ. ಔಷಧಿ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಸ್ನಾಯುವಿನ ಉರಿಯೂತ ಖಚಿತವಾದ ನಾಯಿಗೆ ಅದೇ ಮುಖ್ಯ ಚಿಕಿತ್ಸೆ. ರೋಗ ಯಾವುದೆಂದು ತಿಳಿದ ಮೇಲೆ ಅದು ಬರಲಿ, ತಿಳಿಯುವ ಮೊದಲು ಬೇಡ. ಈಗಾಗಲೇ ಕೊಡುತ್ತಿದ್ದರೆ ಮಾತ್ರ ಒಮ್ಮೆಗೇ ನಿಲ್ಲಿಸಬೇಡಿ, ಅದೂ ಅಪಾಯ. ವೈದ್ಯರನ್ನು ಕೇಳಿ ನಿಧಾನವಾಗಿ ಇಳಿಸಿ.

ನಿಮ್ಮಲ್ಲಿ ನನ್ನ ಬೇಡಿಕೆಗಳು ಇಷ್ಟು.

ಮೊದಲನೆಯದಾಗಿ, ವಿಡಿಯೊ ಮಾಡಿ. ಕ್ಲಿನಿಕ್ಕಿಗೆ ಬಂದ ನಾಯಿ ಹೆದರಿಕೆಯಿಂದ ನೆಟ್ಟಗೆ ನಿಲ್ಲುತ್ತದೆ, ಮನೆಯಲ್ಲಿ ಕಂಡದ್ದು ನಮಗೆ ಕಾಣುವುದಿಲ್ಲ. ಅದು ನಡೆಯುವುದು, ಕುಸಿಯುವುದು, ಮಲಗಿ ಮತ್ತೆ ಏಳುವುದು, ತಿಂದದ್ದು ಹೊರಬರುವುದು ಎಲ್ಲವನ್ನೂ ಹಿಡಿದಿಡಿ.

ಎರಡನೆಯದಾಗಿ, ತಿಂಗಳಿಗೊಮ್ಮೆ ಕೈಯಾಡಿಸಿ ನೋಡಿ. ದವಡೆಯ ಕೆಳಗೆ, ಭುಜದ ಮುಂದೆ, ಹಿಂಗಾಲಿನ ಮಂಡಿಯ ಹಿಂದೆ ದುಗ್ಧರಸ ಗ್ರಂಥಿಗಳಿರುತ್ತವೆ. ಅಲ್ಲಿ ಗಂಟು ಊದಿದ್ದರೆ ನೋವಿಲ್ಲದಿದ್ದರೂ ತೋರಿಸಿ.

ಮೂರನೆಯದಾಗಿ, ಪರೀಕ್ಷೆಯನ್ನು ನೀವೇ ಕೇಳಿ ಮಾಡಿಸಿ. ರಕ್ತಕಣಗಳ ಎಣಿಕೆ, ಉಣ್ಣಿ ಜ್ವರದ ಪರೀಕ್ಷೆ, ಸಕ್ಕರೆ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಕ್ರಿಯಾಟಿನ್ ಕೈನೇಸ್, ಎದೆಯ ಎಕ್ಸ್‌ರೇ, ಹೊಟ್ಟೆಯ ಸ್ಕ್ಯಾನಿಂಗ್. ಎಲ್ಲವೂ ಎಲ್ಲ ನಾಯಿಗೂ ಬೇಕಿಲ್ಲ, ಎಲ್ಲಿಂದ ಶುರುಮಾಡಬೇಕೆಂದು ವೈದ್ಯರು ಹೇಳುತ್ತಾರೆ. ಹಣದ ಚಿಂತೆಯಿದ್ದರೆ ಸಂಕೋಚಪಡದೆ ಹೇಳಿ, ಮೊದಲು ಯಾವುದು ಎಂದು ಸೇರಿ ನಿರ್ಧರಿಸೋಣ. ನಿಮ್ಮೂರಿನಲ್ಲಿ ಸೌಲಭ್ಯವಿಲ್ಲದಿದ್ದರೆ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ, ಗದಗದಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ನಿಮ್ಮ ವೈದ್ಯರಿಂದ ಚೀಟಿ ಬರೆಸಿಕೊಂಡು ಅಲ್ಲಿಗೆ ಹೋಗಿ ವಿಚಾರಿಸಿ.

ನಾಲ್ಕನೆಯದಾಗಿ, ತಿಂದದ್ದು ಜಾರಿಬರುವ ನಾಯಿಗೆ ನೆಲದ ಮೇಲೆ ಊಟ ಇಡಬೇಡಿ. ತಲೆ ಮೇಲಿರುವಂತೆ ಕೂರಿಸಿ ಉಣಿಸಿ, ಉಂಡ ಮೇಲೂ ಹತ್ತು–ಹದಿನೈದು ನಿಮಿಷ ಹಾಗೇ ಹಿಡಿದಿರಿ. ಮಲಗಿರುವ ನಾಯಿಯ ಬಾಯಿಗೆ ಗಂಜಿ, ನೀರು, ಔಷಧಿ ಸುರಿಯಲೇಬೇಡಿ. ಕೆಮ್ಮು, ಜ್ವರ, ಏದುಸಿರು ಕಂಡರೆ ಬೆಳಗಾಗುವವರೆಗೆ ಕಾಯಬೇಡಿ.

ಐದನೆಯದಾಗಿ, ನಿಮ್ಮ ನೋವಿನ ಮಾತ್ರೆಯನ್ನು ಅದಕ್ಕೆ ಕೊಡಬೇಡಿ. ಐಬುಪ್ರೊಫೆನ್, ಪ್ಯಾರಾಸಿಟಮಾಲ್ ನಾಯಿಗೆ ವಿಷವಾಗಬಲ್ಲವು.

ಕೊನೆಯದಾಗಿ, ದಯಾಮರಣದ ನಿರ್ಧಾರ ಪರೀಕ್ಷೆಗಿಂತ ಮೊದಲು ಬೇಡ. ವಾಸಿಯಾಗದ ನೋವಿನಲ್ಲಿರುವ ಜೀವವನ್ನು ಬಿಡಿಸುವುದು ಕರುಣೆಯೇ, ಆ ಕೆಲಸವನ್ನು ನಾನೂ ಮಾಡಿದ್ದೇನೆ. ಆದರೆ ರೋಗದ ಹೆಸರೇ ಗೊತ್ತಿಲ್ಲದೆ ಆ ತೀರ್ಮಾನಕ್ಕೆ ಬರುವುದು ನ್ಯಾಯವಲ್ಲ. ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಿ. ಹಾಗೆ ಕೇಳಿದರೆ ನಮಗೆ ಅವಮಾನವಿಲ್ಲ.

ಗಡ್ಡೆಯೆಂದೇ ತಿಳಿದುಬಂದರೆ? ಆಗಲೂ ತಿಳಿದದ್ದು ವ್ಯರ್ಥವಲ್ಲ. ಕೆಲವು ಗಡ್ಡೆಗಳನ್ನು ತೆಗೆಯಬಹುದು, ಕೆಲವನ್ನು ಔಷಧಿಯಿಂದ ಒಂದಷ್ಟು ಕಾಲ ಹತೋಟಿಯಲ್ಲಿಡಬಹುದು. ಏನೂ ಮಾಡಲಾಗದಿದ್ದಾಗಲೂ ನೋವು ಕಡಿಮೆ ಮಾಡಿ, ಉಳಿದ ದಿನಗಳನ್ನು ಹೇಗೆ ಕಳೆಯಬೇಕೆಂದು ಮನೆಯವರೆಲ್ಲ ಕೂತು ಯೋಚಿಸಬಹುದು. ಆ ಅವಕಾಶ ಕಾರಣ ತಿಳಿದವರಿಗೆ ಮಾತ್ರ ಸಿಗುತ್ತದೆ.

ವಿದೇಶಿ ತಳಿಯಾಗಲಿ, ಮುಧೋಳ ನಾಯಿಯಾಗಲಿ, ಮಳೆಯಲ್ಲಿ ಬಾಗಿಲಿಗೆ ಬಂದು ಉಳಿದುಕೊಂಡ ಬೀದಿನಾಯಿಯಾಗಲಿ, ಅದು ತನ್ನ ಸೋಲನ್ನು ಬಾಯಿಬಿಟ್ಟು ಹೇಳಲಾರದು. ನಿತ್ಯ ಅದನ್ನು ನೋಡುವವರು ನೀವು. ನಡಿಗೆಯಲ್ಲಿ, ಊಟದಲ್ಲಿ, ಬೊಗಳುವ ದನಿಯಲ್ಲಿ ವ್ಯತ್ಯಾಸ ಮೊದಲು ಕಾಣುವುದು ನಿಮಗೇ. ಕಂಡ ವಾರದಲ್ಲೇ ವೈದ್ಯರ ಬಳಿ ಕರೆತನ್ನಿ, ‘ಇದಕ್ಕೆ ಕಾರಣವೇನು?’ ಎಂದು ಕೇಳಿ, ಉತ್ತರ ಸಿಗುವವರೆಗೆ ಕೇಳುತ್ತಲೇ ಇರಿ. ಆ ಪ್ರಶ್ನೆಗೆ ಉತ್ತರ ಹುಡುಕುವುದು ನಮ್ಮ ಕರ್ತವ್ಯ, ಅದನ್ನು ಕೇಳುವುದು ನಿಮ್ಮ ಹಕ್ಕು.



ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಪಶುವೈದ್ಯ